ಭಾಗಮ್ಮ ಕಡಿದ ಕಾಳು

ಭಾಗಮ್ಮ ಜೋಳವನ್ನು ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ಒಂದು ಕಾಳನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡು, ತಲೆಯನ್ನು ತುಸು ವಾಲಿಸಿ, ಗೋಡೆಯಾಚೆಯ ಮಾತನ್ನು ಆಲಿಸುವವಳಂತೆ ಕಡಿಯುತ್ತಿದ್ದಳು. ‘ಕಟ್’ ಎಂದು ಸದ್ದಾದರೆ ಒಣಗಿದ ಕಾಳು. ಸದ್ದಿಲ್ಲದೆ ಒಡೆದರೆ ನೀರು ಕುಡಿದ ಕಾಳು. ಹಿಟ್ಟಾಗಿ ಉದುರಿದರೆ ಒಳಗೆ ನುಸಿ ಮನೆ ಮಾಡಿದೆ. ಕಡಿದದ್ದನ್ನು ಪಕ್ಕಕ್ಕೆ ಉಗುಳಿದ ಮೇಲೆಯೇ ಆಕೆಯ ಮಾತು ಹೊರಡುತ್ತಿತ್ತು.

ಜೋಳದ ವಿಷಯದಲ್ಲಿ ಮಾತ್ರವಲ್ಲ. ಬೆಲ್ಲ ಕೊಂಡರೆ ಮೂಸುತ್ತಿದ್ದಳು. ಸೂಜಿ ಕೊಂಡರೆ ಅಂಗಡಿಯವನೆದುರಿಗೇ ಸೆರಗಿಗೆ ಚುಚ್ಚಿ ನೋಡುತ್ತಿದ್ದಳು. ಮಗಳನ್ನು ಕೇಳಲು ಜೇವರ್ಗಿಯಿಂದ ವರ ಬಂದಾಗ ಅವನ ಕೈಗೆ ಕೊಡ ಕೊಟ್ಟು ಬಾವಿಗೆ ಕಳಿಸಿ, ತುಳುಕಿಸದೆ ತರುತ್ತಾನೋ ಇಲ್ಲವೋ ನೋಡಿದಳಂತೆ. ಇದು ನಾನು ಕೇಳಿದ ಮಾತು, ನೋಡಿದ್ದಲ್ಲ. ಆದರೆ ಆಕೆಯನ್ನು ಬಲ್ಲವರು ಯಾರೂ ಇದನ್ನು ಸುಳ್ಳೆನ್ನಲಾರರು.

“ನಂಬಿಗಿ ಅನ್ನೂದು ಹೊಟ್ಟಿ ತುಂಬಿದವರ ಮಾತುರಿ,” ಅನ್ನುತ್ತಿದ್ದಳು. “ನಾವು ಕಡದು ನೋಡೂ ಮಂದಿ.”

ಆಕೆಯನ್ನು ನಾನು ಮೊದಲು ಕಂಡದ್ದು ಅಫಜಲಪುರದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ರೈತರು ಬೆಳೆದದ್ದರಲ್ಲಿ ಒಂದು ಪಾಲನ್ನು ನಿಜಾಮ ಸರ್ಕಾರಕ್ಕೆ ಲೆವಿಯೆಂದು ಅಳೆಯಬೇಕಿತ್ತು. ಆ ಜೋಳ ಗೋದಾಮು ಸೇರಿ, ಅಲ್ಲಿಂದ ರೇಶನ್ ಅಂಗಡಿಗೆ ಹೋಗಿ, ಜನರ ಚೀಲಕ್ಕೆ ಬರುತ್ತಿತ್ತು. ಅಫಜಲಪುರದಲ್ಲಿ ಅಂಥ ಗೋದಾಮು ಎರಡಿದ್ದವು. ಒಂದು ಚಾವಡಿಯ ಬೆನ್ನಿಗಿದ್ದ ಹಳೆಯ ಕಲ್ಲಿನ ಕಟ್ಟಡ. ಅದು ಸರ್ಕಾರದ್ದು, ಸರ್ಕಾರಿ ನೌಕರರೇ ನಡೆಸುತ್ತಿದ್ದರು. ಇನ್ನೊಂದು ಚೌಡಾಪುರದ ದಾರಿಯಲ್ಲಿದ್ದ ತಗಡಿನ ಮಾಡಿನ ಹೊಸ ಗೋದಾಮು. ಅದನ್ನು ಆಳಂದದ ರಾಚಪ್ಪ ಸಾವುಕಾರರು ಗುತ್ತಿಗೆಯ ಮೇಲೆ ನಡೆಸುತ್ತಿದ್ದರು. ಲೆವಿಯ ಅರ್ಧ ಜೋಳ ಅಲ್ಲಿ, ಅರ್ಧ ಇಲ್ಲಿ. ಸರ್ಕಾರದ ಗೋದಾಮಿನಲ್ಲಿ ಹಾಳಾಗುವುದು ಹೆಚ್ಚು, ಆದ್ದರಿಂದ ಅದನ್ನೂ ಸಾವುಕಾರರಿಗೇ ಒಪ್ಪಿಸಿಬಿಡಬೇಕೆಂಬ ಮಾತು ಊರಲ್ಲಿ ಎದ್ದಿತ್ತು.

ನಾನು ಶೋಲಾಪುರದಲ್ಲಿ ಅಚ್ಚಾಗುತ್ತಿದ್ದ ಒಂದು ಕನ್ನಡ ವಾರಪತ್ರಿಕೆಯ ಬಾತ್ಮೀದಾರ. ಊರು ಆಳಂದ, ವಯಸ್ಸು ಇಪ್ಪತ್ತನಾಲ್ಕು. ನಮ್ಮ ಸಂಪಾದಕರದ್ದು ಒಂದು ಕಟ್ಟಪ್ಪಣೆ ಇತ್ತು. ನೋಟುಬುಕ್ಕನ್ನು ಮೂರು ಭಾಗ ಮಾಡಿಕೊಳ್ಳಬೇಕು. ನೋಡಿದ್ದು ಮೊದಲ ಭಾಗಕ್ಕೆ, ಕೇಳಿದ್ದು ಎರಡನೆಯದಕ್ಕೆ, ಅಂದಾಜು ಮೂರನೆಯದಕ್ಕೆ. ಅಚ್ಚಿಗೆ ಹೋಗುವುದು ಮೊದಲ ಭಾಗ ಮಾತ್ರ. ಆ ನೋಟುಬುಕ್ಕುಗಳು ಈಗಲೂ ನನ್ನ ಬಳಿ ಇವೆ. ಕೆಳಗೆ ಬರೆಯುವುದೆಲ್ಲ ಅವನ್ನು ಪಕ್ಕಕ್ಕಿಟ್ಟುಕೊಂಡು ಬರೆದದ್ದು.

ಸರ್ಕಾರದ ಗೋದಾಮಿನಲ್ಲಿ ಕಂಡದ್ದು: ಮೇಲ್ವಿಚಾರಣೆಗೆ ಒಬ್ಬ ದಾರೋಗಾ, ಇಬ್ಬರು ಗುಮಾಸ್ತರು, ನಾಲ್ವರು ಕಾವಲುಗಾರರು, ಬೀಗ ತೆಗೆಯುವವನೊಬ್ಬ, ಬೀಗ ತೆಗೆದದ್ದಕ್ಕೆ ಸಾಕ್ಷಿಯಾಗಿ ನಿಲ್ಲುವವನೊಬ್ಬ. ಛತ್ತು ಸೋರುವಲ್ಲಿ ಒಂದು ಬಕೀಟು. ಬಕೀಟಿನ ಪಕ್ಕದಲ್ಲಿ, ಬಕೀಟಿಗೆ ಸಿಗದೆ ಬಿದ್ದ ನೀರು ಕುಡಿದು, ಮೂಲೆಯ ಚೀಲಗಳಿಂದ ಹೊರಗೆ ಚಾಚಿದ ಗೇಣುದ್ದದ ಹಸಿರು ಜೋಳದ ಸಸಿಗಳು. ಚೀಲಕ್ಕೆ ಕೈಯಿಟ್ಟರೆ ನುಸಿ ಮೊಳಕೈ ತನಕ ಹತ್ತುತ್ತಿತ್ತು. ನೆಲದ ಮೇಲೆ ಹೆಜ್ಜೆಯಿಟ್ಟಲ್ಲೆಲ್ಲ ಕಾಳು ಹರಳಿನಂತೆ ಒತ್ತುತ್ತಿತ್ತು.

ದಾರೋಗಾ ಸಭ್ಯರು. ಕುರ್ಚಿ ಹಾಕಿಸಿ ಚಹಾ ತರಿಸಿದರು. “ಛತ್ತಿನ ಸಲುವಾಗಿ ಕಾಗದ ಬರದೀನ್ರಿ,” ಅಂದರು. “ಎಷ್ಟ ಬಕೀಟು ಬೇಕಂತ ಮ್ಯಾಲಿನವರು ಕೇಳ್ಯಾರ. ಛತ್ತಿನ ಮಾತು ಅದರಾಗಿಲ್ಲ.”

ಗೋದಾಮು ಗುಡಿಸಲು ಆರು ಹೆಂಗಸರಿದ್ದರು. ಅವರ ಹಿರಿಯಳೇ ಭಾಗಮ್ಮ. ಐವತ್ತರ ಆಸುಪಾಸು, ಬಿಗಿಯಾಗಿ ಕಚ್ಚೆ ಹಾಕಿದ ಸೀರೆ, ಎಡಗಿವಿಯ ಹಿಂದೆ ಸಿಕ್ಕಿಸಿಕೊಂಡ ಬೇವಿನ ಕಡ್ಡಿ. ಆ ಹೆಂಗಸರಿಗೆ ಸಂಬಳವಿರಲಿಲ್ಲ. ಗುಡಿಸಿದ ಕಸ ಗುಡಿಸಿದವರಿಗೆ, ಇದು ಹಿಂದಿನಿಂದ ಬಂದ ರೂಢಿ. ಹೊತ್ತಿಳಿಯುವಾಗ ಹೊರಗಿನ ಬೇವಿನ ಮರದಡಿ ಕೂತು ಕಸವನ್ನು ಮೊರದಲ್ಲಿ ಕೇರಿ ಹಸನು ಮಾಡುತ್ತಿದ್ದರು. ಮಣ್ಣು ಗಾಳಿಗೆ, ಕಾಳು ಉಡಿಗೆ. ಆ ಉಡಿಯ ಮೇಲೆ ಆರು ಮನೆಗಳು ಉಣ್ಣುತ್ತಿದ್ದವು.

ನಾನು ಮರದಡಿ ಹೋಗಿ ನಿಂತಾಗ ಭಾಗಮ್ಮ ಮೊರ ನಿಲ್ಲಿಸಲಿಲ್ಲ.

“ಯಾವೂರವ್ರಿ?”

“ಆಳಂದ.”

“ಆಳಂದದಿಂದ ನಮ್ಮ ಹುಳಾ ನೋಡಾಕ ಬಂದ್ರೇನ್ರಿ? ಆಳಂದದಾಗ ಹುಳಾ ಇಲ್ಲೇನು?”

ಉಳಿದವರು ಸೆರಗು ಬಾಯಿಗೊತ್ತಿ ನಕ್ಕರು. ಪೇಪರಿಗೆ ಬರೆಯುತ್ತೇನೆ ಎಂದೆ.

“ಬರದ್ರ ಏನ ಆಗ್ತದ್ರಿ?”

“ಹಾಳಾಗುವುದು ನಿಲ್ಲುತ್ತದೆ. ಎಲ್ಲ ಸರಿ ಹೋಗುತ್ತದೆ.”

“ಯಾರಿಗೆ?” ಎಂದು ಕೇಳಿದಳು.

ಹಾಳಾದದ್ದನ್ನು ಅಲ್ಲಿನ ಲೆಕ್ಕದಲ್ಲಿ ಇಲಿ ತಿಂದದ್ದೆಂದು ತೋರಿಸುವ ವಾಡಿಕೆಯಿತ್ತು. ಅದನ್ನು ಕೇಳಿದಾಗ ಆಕೆ ತಲೆ ಅಲ್ಲಾಡಿಸಿದಳು. “ಆ ಇಲಿಗೋಳಿಗೆ ಎಂಥಾ ಹೊಟ್ಟಿ ಇರಬೇಕ್ರಿ! ಸುಳ್ಳ ಯಾಕ ಹೇಳ್ಲಿ, ಆ ಇಲಿಗೋಳಾಗ ನಾವೂ ಅದೀವಿ.”

ಚೀಲ ಹರಿಯುತ್ತೀರಾ ಎಂದು ನೇರವಾಗಿಯೇ ಕೇಳಿದೆ. ಆಕೆ ಒಂದು ಕಾಳು ಕಡಿದಳು, ಉಗುಳಿದಳು.

“ನಾ ಹರಿಯಂಗಿಲ್ರಿ. ಹರದದ್ದನ್ನ ಹೊಲಿಯಂಗೂ ಇಲ್ಲ.”

ಅದು ಒಪ್ಪಿಗೆಯೋ ನಿರಾಕರಣೆಯೋ ಇವತ್ತಿಗೂ ನಾನು ಹೇಳಲಾರೆ. ಎರಡನೆಯ ಭಾಗದಲ್ಲಿ ಬರೆದುಕೊಂಡೆ.

ಅಲ್ಲಿಂದ ಸಾವುಕಾರರ ಗೋದಾಮಿಗೆ ಹೋದೆ. ರಾಚಪ್ಪ ಸಾವುಕಾರರು ಆಳಂದದಲ್ಲಿ ನಮ್ಮ ಓಣಿಯವರೇ, ನನ್ನ ತಂದೆಗೆ ಪರಿಚಯದವರು. ನನ್ನನ್ನು ಕಂಡು ಬಾಗಿಲ ತನಕ ಎದುರು ಬಂದರು. ಒಬ್ಬ ಗುಮಾಸ್ತ, ಒಬ್ಬ ಕಾವಲುಗಾರ, ಇಬ್ಬರು ಹಮಾಲರು, ಅಷ್ಟೇ ಜನ. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಮೊಳದಷ್ಟು ದೂರ, ಸಾಲಾಗಿ. ನೆಲ ಅಡುಗೆಮನೆಯ ಕಟ್ಟೆಯ ಹಾಗೆ ಸಾರಿಸಿಟ್ಟಂತಿತ್ತು.

“ನೋಡಪಾ, ಒಂದ ಕಾಳ ನೆಲದ ಮ್ಯಾಲ ಅದ ಏನು ಹುಡುಕು,” ಅಂದರು ಸಾವುಕಾರರು. “ಸರ್ಕಾರದ ಮಾಲಿಗೆ ಮಾಲಕ ಇಲ್ಲ. ಈ ಮಾಲಿಗೆ ನಾ ಇದೀನಿ. ಎಷ್ಟ ಜ್ವಾಳ ತಗೋತೇನಿ, ಅಷ್ಟ ತಿರುಗಿ ಕೊಡಬೇಕು. ಕಡಿಮಿ ಬಂದ್ರ ನನ್ನ ಮೈಮ್ಯಾಲ. ಹಂಗಾದ ಮ್ಯಾಲ ನಾ ಹೆಂಗ ಹಾಳ ಮಾಡ್ಲಿ?”

ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆಯನ್ನು ನನ್ನ ಕೈಗೇ ಕೊಟ್ಟರು. ನನಗಿಷ್ಟ ಬಂದ ಐದು ಚೀಲಗಳ ಹೊಟ್ಟೆಗೆ ಚುಚ್ಚಿದೆ. ಬಂದದ್ದೆಲ್ಲ ಮುತ್ತಿನಂಥ ಬಿಳಿ ಜೋಳ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹುಡುಕುವ ಮನಸ್ಸೂ ಹೆಚ್ಚಿರಲಿಲ್ಲ ಎಂದು ಈಗ ಸೇರಿಸಬೇಕು.

ಬಂಡಿ ಹಿಡಿಯಲು ವಾಪಸು ಬರುವಾಗ ಭಾಗಮ್ಮ ಇನ್ನೂ ಬೇವಿನ ಮರದಡಿ ಇದ್ದಳು.

“ಸಾವುಕಾರನ ಕಡೆ ಹೋಗಿದ್ರೇನ್ರಿ? ಅಲ್ಲಿ ಕಸಾ ಎಲ್ಲಿ ಹಾಕ್ತಾರ?”

“ಕಸವೇ ಇರಲಿಲ್ಲ.”

ಈಗ ಮೊರ ನಿಂತಿತು. “ಜ್ವಾಳಾ ಸುರೀತಾರ, ತುಂಬತಾರ, ಹೊರತಾರ, ಮತ್ತ ಕಸಾ ಇಲ್ಲ! ಹಸಗೂಸ ಇದ್ದ ಮನ್ಯಾಗ ಅಳೂ ಸಪ್ಪಳ ಕೇಳಲಿಲ್ಲಂದ್ರ, ಭಾಳ ಶಾಂತಿ ಅದ ಅಂತ ಹೊಂಟ ಹೋಗ್ತೀರೇನ್ರಿ? ಒಳಗ ಹಣಿಕಿ ಹಾಕ್ತೀರೋ ಇಲ್ಲೋ?”

ಮಾತು ಚೆನ್ನಾಗಿದೆ ಎನಿಸಿತು. ಎರಡನೆಯ ಭಾಗದಲ್ಲಿ ಬರೆದುಕೊಂಡೆ. ಬಂಡಿ ಹತ್ತಿದೆ. ಒಳಗೆ ಹಣಿಕಿ ಹಾಕಲಿಲ್ಲ.

ವರದಿ ಎರಡು ಅಂಕಣಗಳಲ್ಲಿ ಅಚ್ಚಾಯಿತು. ಬಲಗಡೆ ಸರ್ಕಾರದ ಗೋದಾಮು, ಎಡಗಡೆ ಸಾವುಕಾರರದ್ದು. ಇಲ್ಲಿ ಇಷ್ಟು ಜನ, ಅಲ್ಲಿ ಇಷ್ಟೇ ಜನ. ಇಲ್ಲಿ ಮೊಳೆತ ಜೋಳ, ಅಲ್ಲಿ ಸಾರಿಸಿದ ನೆಲ. ಕೊನೆಯಲ್ಲಿ ಒಂದು ವಾಕ್ಯ: ‘ಸರ್ಕಾರಿ ಗೋದಾಮನ್ನು ಗುಡಿಸುವ ಹೆಂಗಸರು ದಿನವೂ ಉಡಿ ತುಂಬ ಕಾಳು ಒಯ್ಯುವುದನ್ನು ನಮ್ಮ ಬಾತ್ಮೀದಾರರು ಕಣ್ಣಾರೆ ಕಂಡಿದ್ದಾರೆ.’ ಕಣ್ಣಾರೆ ಕಂಡಿದ್ದೆ, ಸುಳ್ಳಲ್ಲ. ಸಂಪಾದಕರು ಬೆನ್ನು ತಟ್ಟಿದರು. ಸಾವುಕಾರರು ಆಳಂದದ ನಮ್ಮ ಮನೆಗೆ ಪೇಢೆ ಕಳಿಸಿದರು. ನನ್ನ ತಾಯಿ ಅದನ್ನು ಓಣಿಗೆಲ್ಲ ಹಂಚಿದಳು.

ಒಂದು ತಿಂಗಳು ಕಳೆದ ಮೇಲೆ, ವರದಿಯಿಂದ ಏನಾಯಿತೆಂದು ನೋಡಿ ಬರಲು ಸಂಪಾದಕರು ಮತ್ತೆ ಅಫಜಲಪುರಕ್ಕೆ ಕಳಿಸಿದರು. ಸರ್ಕಾರದ ಗೋದಾಮಿನಲ್ಲಿ ಬಕೀಟು ಇದ್ದಲ್ಲೇ ಇತ್ತು. ಅದರ ಪಕ್ಕ ಎರಡನೆಯ ಬಕೀಟು ಬಂದಿತ್ತು. ಮೂಲೆಯ ಚೀಲಗಳ ಸಸಿಗಳು ಒಣಗಿ ಮುರಿದಿದ್ದವು. ಒಂಬತ್ತು ಜನ ನೌಕರರಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ. ಆದರೆ ನೆಲ ಚೊಕ್ಕಟವಾಗಿತ್ತು. ಒಂದು ಕಾಳು ಕಾಲಿಗೆ ಒತ್ತಲಿಲ್ಲ.

ದಾರೋಗಾ ಸಂಕೋಚದಿಂದ ನಕ್ಕರು. “ಮ್ಯಾಲಿನವರು ನಿಮ್ಮ ಪೇಪರ್ ಓದಿಸಿ ಕೇಳ್ಯಾರ್ರಿ. ಛತ್ತಿನ ಕಾಗದ ಇನ್ನಾ ಬಂದಿಲ್ಲ. ಕಸದ್ದು ಮಾತ್ರ ಎಂಟ ದಿನದಾಗ ಹುಕುಂ ಬಂತು. ಹೆಂಗಸರಿಗೆ ಒಳಗ ಬಿಡಬಾರದು. ಈಗ ಕಾವಲುಗಾರರೇ ಗುಡಿಸ್ತಾರ. ಸಾವುಕಾರರ ಗೋದಾಮಿನ್ಯಾಗ ಹೆಂಗ ಮಾಡ್ತಾರ, ನೋಡಿ ಬಂದು, ಇಲ್ಲೂ ಹಂಗೇ ಮಾಡಾಕತ್ತೀವಿ.”

“ಅಲ್ಲಿ ಹೇಗೆ ಮಾಡುತ್ತಾರೆ?”

ದಾರೋಗಾ ಚಹಾದ ಬಟ್ಟಲನ್ನು ತಿರುಗಿಸುತ್ತ ಕೂತರು. “ಹಾಳ ಆಗೂದಿಲ್ರಿ. ಅಷ್ಟ ಬರಕೋರಿ,” ಅಂದರು.

ನಾನು ಅದನ್ನು ಎರಡನೆಯ ಭಾಗದಲ್ಲಿ ಬರೆದೆ, ಪಕ್ಕದಲ್ಲಿ ಒಂದು ಗೀಟು ಎಳೆದೆ. ಆ ಗೀಟಿನ ಅರ್ಥ: ಇದನ್ನು ನಂಬಬೇಡ.

ಬೇವಿನ ಮರದಡಿ ಆರೂ ಜನ ಇದ್ದರು. ಕೆಲಸವಿಲ್ಲದಿದ್ದರೂ ಬಂದು ಕೂತಿದ್ದರು. ಮೊರಗಳು ಬೋರಲಾಗಿ ಬಿದ್ದಿದ್ದವು. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಭಾಗಮ್ಮ ಎದ್ದು ಸೀರೆ ಝಾಡಿಸಿಕೊಂಡಳು.

“ಬಂದ್ರೇನ್ರಿ? ಸರಿ ಆತ ನೋಡ್ರಿ ಎಲ್ಲ. ನೀವು ಹೇಳಿದಂಗ.”

ಆಕೆ ನನ್ನ ಮುಖವನ್ನು ಜೋಳವನ್ನು ನೋಡುವ ಹಾಗೆ ನೋಡಿದಳು.

“ನಮ್ಮ ಮನ್ಯಾಗ ಒಂದ ರೊಟ್ಟಿ ಉಣ್ತೀರೇನ್ರಿ? ಉಣ್ಣೂದಿಲ್ಲಂದ್ರ ಈಗೇ ಹೇಳ್ರಿ, ಹಿಟ್ಟ ನಾದೂದು ಬ್ಯಾಡ.”

ಆಕೆ ಹಾಗೆ ಕೇಳಿದಾಗ ಉಳಿದ ಐದು ಜನ ನನ್ನ ಕಡೆ ತಿರುಗಿದರು. ಆಕೆಯ ಕೇರಿಗೆ ನಮ್ಮ ಜಾತಿಯವರು ಕಾಲಿಡುತ್ತಿರಲಿಲ್ಲ. ಅಲ್ಲಿ ಉಣ್ಣುವುದಂತೂ ದೂರದ ಮಾತು. ಅದು ಆಕೆಗೂ ಗೊತ್ತು, ನನಗೂ ಗೊತ್ತು. ನನ್ನನ್ನು ಕಡಿದು ನೋಡುತ್ತಿದ್ದಾಳೆ ಎಂದು ಅರ್ಥವಾಯಿತು. ಉಣ್ಣುತ್ತೇನೆ ಎಂದೆ. ದೊಡ್ಡ ಮನಸ್ಸಿನಿಂದಲ್ಲ, ದಾರೋಗಾ ನುಂಗಿದ ಮಾತು ಏನೆಂಬುದು ಈಕೆಗೆ ಗೊತ್ತಿರಬಹುದೆಂಬ ಆಸೆಯಿಂದ.

ಒಂದೇ ಕೋಣೆಯ ಮನೆ. ಮಗಳು ಹೆರಿಗೆಗೆ ಜೇವರ್ಗಿಯಿಂದ ಬಂದು ಅಲ್ಲೇ ಇದ್ದಳು, ಎರಡು ತಿಂಗಳ ಕೂಸಿನೊಡನೆ. ಭಾಗಮ್ಮ ರೊಟ್ಟಿ ಬಡಿದು, ಬಿಸಿಬಿಸಿಯಾಗಿ ಮೆಣಸಿನಕಾಯಿ ಹಿಂಡಿಯೊಡನೆ ಮುಂದಿಟ್ಟಳು. ಮೊದಲ ತುತ್ತಿಗೇ ಹಲ್ಲಿನಡಿ ‘ಕರಕರ’ ಎಂದಿತು. ಅಗಿಯುವುದನ್ನು ನಿಲ್ಲಿಸಿದೆ.

“ಅಗೀರಿ,” ಅಂದಳು. “ನಾವು ದಿನಾ ಅಗೀತೀವಿ. ಬಾಣಂತಿನೂ ಅಗೀತಾಳ. ಅದ ಹಾಲ ಕೂಸಿಗೆ.”

ಅಗಿದೆ. ಎರಡನೆಯ ತುತ್ತಿನಲ್ಲಿ ಹರಳು, ಮೂರನೆಯದರಲ್ಲಿ ಮಣ್ಣು.

“ಕಸದ ಕಾಳಿದ್ದಾಗ ನಾವು ರೇಶನ್ ಜ್ವಾಳ ತಿಂತಿದ್ದಿಲ್ರಿ. ಮಾರಿಬಿಡ್ತಿದ್ವಿ. ಈಗ ಅದೇ ತಿನ್ನಬೇಕಾಗ್ಯಾದ.” ಆಕೆ ಮೂಲೆಯ ಗಡಿಗೆಯಿಂದ ಜೋಳ ತೆಗೆದು ಮೊರಕ್ಕೆ ಸುರಿದು, ನಾಲ್ಕು ಸಲ ಕೇರಿ, ತುದಿಗೆ ಬಂದದ್ದನ್ನು ನೆಲದ ಮೇಲೆ ಹರಡಿದಳು. ಮಣ್ಣಿನ ಹೆಂಟೆ, ಇಲಿಯ ಹಿಕ್ಕೆ, ಹರಳು. ಅವುಗಳ ನಡುವಿನಿಂದ ಉಗುರಿನುದ್ದದ ನಾಲ್ಕು ಕಂದು ಚೂರುಗಳನ್ನು ಆರಿಸಿ ನನ್ನ ಮುಂದಿಟ್ಟಳು.

“ಇದೇನು ಹೇಳ್ರಿ.”

“ಕಸ.”

“ಯಾವ ಕಸಾ?”

ಗೊತ್ತಿಲ್ಲ ಎಂದೆ.

“ಈಚಲ ಗರಿ. ಕಸಬಾರಿಗೀದು. ಸವದು ಮುರದು ಬಿದ್ದದ್ದು. ಹೊಲದಾಗ ಯಾರರ ಬಾರಿಗಿ ಬಿತ್ತತಾರೇನ್ರಿ?”

ನನ್ನ ವೃತ್ತಿಯ ಬುದ್ಧಿ ಎಚ್ಚರವಾಯಿತು. ರೈತರು ಕಣದಲ್ಲಿಯೂ ಗುಡಿಸುತ್ತಾರಲ್ಲ, ಅಲ್ಲಿಂದಲೇ ಬಂದಿರಬಹುದು ಎಂದೆ. ಭಾಗಮ್ಮ ನಕ್ಕಳು, ಆಕೆ ನಗುವುದನ್ನು ನಾನು ಕಂಡದ್ದು ಅದೇ ಮೊದಲು.

“ಕಣದ ಬಾರಿಗಿ ತೊಗರಿ ಕಟಗೀದ್ರಿ. ಕಣದ ಮಣ್ಣಿಗೆ ಗಟ್ಟಿ ಬಾರಿಗಿನೇ ಬೇಕು. ಈಚಲ ಗರಿ ಅಲ್ಲಿ ಒಂದ ತಾಸು ತಡಿಯಂಗಿಲ್ಲ. ಈಚಲದ್ದು ಗೋದಾಮಿನ ಹಾಸಗಲ್ಲಿಗೆ. ಮೂವತ್ತ ವರ್ಷ ಗುಡಿಸೀನಿ, ನನಗ ಕಲಸ್ತೀರೇನು? ಇದು ನೆಲದ ಕಸಾ. ಗುಡಿಸಿ, ಚೀಲದ ತಳಕ್ಕ ಹಾಕಿ, ಮ್ಯಾಲ ಚಲೋ ಜ್ವಾಳ ತುಂಬಿ ಹೊಲಿದಾರ. ನೀವು ಕೊಳವಿ ಚುಚ್ಚಿದ್ದು ಎಲ್ಲಿ? ಹೊಟ್ಟಿಗೆ. ತಳಕ್ಕ ಯಾರ ಚುಚ್ಚತಾರ?”

“ಈ ಊರಲ್ಲಿ ನಾನು ಇಳಿದುಕೊಂಡಿರುವ ಬಂಧುಗಳ ಮನೆಯಲ್ಲಿ ಇದೇ ರೇಶನ್ ಜೋಳ. ಅದರಲ್ಲಿ ಏನೂ ಇರಲಿಲ್ಲ.”

“ಇರಂಗಿಲ್ಲ. ಚೀಲಾ ಬಿಚ್ಚಿದಾಗ ಮುಂದ ನಿಂತವರಿಗೆ ಮ್ಯಾಲಿನ ಜ್ವಾಳ, ಹಿಂದ ನಿಂತವರಿಗೆ ತಳದ್ದು. ನಾವು ಯಾವತ್ತೂ ಹಿಂದ. ನಿಲ್ಲಬೇಕಾದದ್ದೇ ಅಲ್ಲಿ.” ಆಕೆ ಚೂರುಗಳನ್ನು ನನ್ನ ನೋಟುಬುಕ್ಕಿನ ಮೇಲೆ ಇಟ್ಟಳು. “ತಮ್ಮಾ, ಸರ್ಕಾರ ಚೆಲ್ಲತಿತ್ತು. ಚೆಲ್ಲಿದ್ದನ್ನ ನಾವು ಹಸನ ಮಾಡಿ ತಿಂತಿದ್ವಿ. ಸಾವುಕಾರ ಚೆಲ್ಲಂಗಿಲ್ಲ, ತಿನಸ್ತಾನ. ಈಗ ಸರ್ಕಾರಾನೂ ಕಲತದ.”

‘ತಮ್ಮಾ’ ಎಂದು ಕರೆದದ್ದು ಆಗ. ‘ರೀ’ ಆಮೇಲೆ ಬರಲಿಲ್ಲ.

ಮರುದಿನ ಮುಂಜಾನೆ ರೇಶನ್ ಅಂಗಡಿಯ ಎದುರು ನಿಂತೆ, ಸಾಲಿನ ತುದಿಯಲ್ಲಿ. ಐದು ಚೀಲಗಳ ತಳವನ್ನು ಅಂಗಡಿಯವನ ಎದುರಿಗೇ ಹಾಸಿದ ತಟ್ಟಿನ ಮೇಲೆ ಬೋರಲು ಹಾಕಿಸಿದೆ. ಸಾವುಕಾರರ ಗುರುತಿದ್ದ ಮೂರು ಚೀಲಗಳಲ್ಲಿಯೂ ಈಚಲ ಚೂರು. ಸರ್ಕಾರದ ಎರಡು ಚೀಲಗಳಲ್ಲಿ ಒಂದರ ಹೊಲಿಗೆ ಹಳೆಯದು. ಅದರಲ್ಲಿ ನುಸಿಯೋ ನುಸಿ, ಆದರೆ ಮಣ್ಣಿಲ್ಲ, ಗರಿಯಿಲ್ಲ. ಇನ್ನೊಂದರ ಹೊಲಿಗೆ ಹೊಸದು; ಅದರಲ್ಲಿ ನುಸಿ, ಮಣ್ಣು, ಗರಿ ಮೂರೂ. ಸರ್ಕಾರದವರು ಮೊದಲು ಕಸವನ್ನು ಚೀಲಕ್ಕೆ ಸೇರಿಸದೆ ಇದ್ದದ್ದು ಪ್ರಾಮಾಣಿಕತೆಯಿಂದಲ್ಲ, ಸೋಮಾರಿತನದಿಂದ. ಆದರೂ ಆ ಸೋಮಾರಿತನ ಆರು ಮನೆಗಳಿಗೆ ಅನ್ನವಾಗಿತ್ತು, ಊರಿನ ಹಲ್ಲಿಗೆ ಹರಳಾಗಿರಲಿಲ್ಲ. ಅದನ್ನು ತಿದ್ದಿದ್ದು ನನ್ನ ವರದಿ. ಇದು ನನ್ನ ಮೂರನೆಯ ಭಾಗದಲ್ಲಿದೆ, ಅಚ್ಚಾಗಲಿಲ್ಲ.

ಮೊದಲ ಭಾಗದಲ್ಲಿದ್ದದ್ದು ಅಚ್ಚಾಯಿತು. ಈಚಲ ಗರಿಯ ವಿಷಯವನ್ನು, ಕಣದ ಬಾರಿಗೆಗೂ ಗೋದಾಮಿನ ಬಾರಿಗೆಗೂ ಇರುವ ವ್ಯತ್ಯಾಸವನ್ನು, ವಿವರವಾಗಿ ಬರೆದೆ. ಪುರಾವೆಯಿಲ್ಲದೆ ಬರೆದರೆಂದು ಯಾರೂ ಅನ್ನಬಾರದಲ್ಲ. ಹೆಂಗಸರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದೂ ಬರೆದೆ. ಭಾಗಮ್ಮನಿಗೆ ಓದಿ ಹೇಳಿದಾಗ ಆಕೆ ಕೊನೆಯ ತನಕ ಆಲಿಸಿದಳು.

“ಬಾರಿಗೀದು ಅಷ್ಟ ಬಿಡಿಸಿ ಯಾಕ ಬರದಿ?”

“ಅದೇ ಪುರಾವೆ.”

“ಹೂಂ,” ಅಂದಳು. ಅಷ್ಟೇ.

ತಪಾಸಣೆಗೆ ಮೇಲಿನವರು ಬಂದರು. ಎರಡೂ ಗೋದಾಮುಗಳ ಚೀಲಗಳನ್ನು ತಳದ ತನಕ ಬಿಚ್ಚಿಸಿ ನೋಡಿದರಂತೆ. ‘ಈಚಲ ಗರಿ ಎಲ್ಲಿಯೂ ಕಂಡುಬಂದಿಲ್ಲ, ವರದಿ ಆಧಾರರಹಿತ’ ಎಂದು ಬರೆದು ಹೋದರು. ದಾಖಲೆಗೆ ದಾಖಲೆಯೆಂದು ಸಂಪಾದಕರು ಅದನ್ನೂ ಅಚ್ಚು ಮಾಡಿದರು. ಹೆಂಗಸರನ್ನು ಯಾರೂ ಕರೆಯಲಿಲ್ಲ. ಅವರು ಎಲ್ಲೆಲ್ಲಿಗೋ ಚದುರಿದರು. ಭಾಗಮ್ಮ ಮಗಳ ಊರಾದ ಜೇವರ್ಗಿಗೆ ಹೋದಳೆಂದು ಕೇಳಿದೆ. ನನಗೆ ಆ ತಪಾಸಣೆಯ ಗುಟ್ಟು ಬಗೆಹರಿಯಲಿಲ್ಲ. ಒಮ್ಮೊಮ್ಮೆ ಭಾಗಮ್ಮನ ಮೇಲೆಯೇ ಅನುಮಾನ ಬರುತ್ತಿತ್ತು: ಆ ನಾಲ್ಕು ಚೂರುಗಳನ್ನು ಆಕೆಯೇ ಮೊರಕ್ಕೆ ಹಾಕಿದ್ದಿರಬಹುದೇ? ಆದರೆ ರೇಶನ್ ಅಂಗಡಿಯ ಚೀಲಗಳು? ಆಕೆಯ ಸಹವಾಸದಿಂದ ಬಂದ ಗುಣವದು, ಆಕೆಯನ್ನೂ ಬಿಡಲಿಲ್ಲ.

ಭಾಗಮ್ಮ ಈಗ ಇಲ್ಲ. ಅಫಜಲಪುರದಲ್ಲಿ ನಾನು ರೊಟ್ಟಿ ಅಗಿಯುವಾಗ ತೊಟ್ಟಿಲಲ್ಲಿದ್ದ ಆ ಕೂಸು ಈಗ ಜೇವರ್ಗಿಯಲ್ಲಿ ವಕೀಲ. ಅವರ ಪಡಸಾಲೆಯಲ್ಲಿ ಬುದ್ಧನ ಪಟವಿದೆ, ಅದರ ಪಕ್ಕಕ್ಕೆ ಅಜ್ಜಿಯ ಮೊರ. ಸುದ್ದಿ ತಿಳಿಸಿ ಅವರೇ ಕಾಗದ ಬರೆದಿದ್ದರು. ನಾನು ಆಕೆಯನ್ನು ಕೊನೆಯ ಸಲ ಕಂಡದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ನಿಜಾಮನ ಆಳಿಕೆ ಮುಗಿದ ಮರುವರ್ಷ.

ಹೊಸ ಸರ್ಕಾರ ಜೇವರ್ಗಿಯಲ್ಲಿ ಹೊಸ ಗೋದಾಮು ತೆರೆಯುವುದಿತ್ತು. ಆ ಬಾತ್ಮಿಗಾಗಿ ಹೋದವನು ಮನೆ ಕೇಳಿಕೊಂಡು ಹೋದೆ. ಬರಿಗೈಯಲ್ಲಿ ಹೋಗಲು ಮನಸ್ಸು ಬರದೆ, ಆಳಂದದ ನಮ್ಮ ಹೊಲದ ಜೋಳವನ್ನು ಒಂದು ಸಣ್ಣ ಚೀಲದಲ್ಲಿ ಒಯ್ದಿದ್ದೆ. ಭಾಗಮ್ಮ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಬಹಳ ಕುಗ್ಗಿದ್ದಳು. ಕಿವಿಯ ಹಿಂದೆ ಬೇವಿನ ಕಡ್ಡಿ ಇರಲಿಲ್ಲ.

“ಯಾರು? ಪೇಪರಿನ ತಮ್ಮ ಏನು? ಇನ್ನಾ ಬರೀತಿಯಾ?”

“ಬರೀತೇನೆ.”

“ಸರಿ ಆಗ್ಯಾದೇನು?”

ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ಇಷ್ಟು ವರ್ಷ ಮನಸ್ಸಿನಲ್ಲಿದ್ದುದನ್ನು ಕೇಳಿದೆ: ತಪಾಸಣೆಯ ದಿನ ಈಚಲ ಗರಿ ಎಲ್ಲಿ ಹೋಯಿತು?

“ನಿನಗ ಗೊತ್ತೇ ಇಲ್ಲೇನು?” ಆಕೆಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಿನ್ನ ಪೇಪರ್ ಬಂದ ವಾರಾನೇ ಸಾವುಕಾರನ ಗೋದಾಮಿಗೆ ಒಂದ ಬಂಡಿ ತೊಗರಿ ಕಟಗಿ ಹೋತು. ನಾ ಕಣ್ಣಾರೆ ನೋಡೀನಿ. ಈಚಲ ಬಾರಿಗಿ ಎಲ್ಲಾ ಒಲಿಗೆ ಹಾಕಿದ್ರು. ತೊಗರಿ ಬಾರಿಗೀಲೇ ಗುಡಿಸಾಕ ಹತ್ತಿದ್ರು. ಎರಡ ದಿನ ಬಿಟ್ಟು ಸರ್ಕಾರದವರೂ. ಮ್ಯಾಲಿನವರು ಬರೂದ್ರಾಗ ಹಳೇ ಚೀಲ ಎಲ್ಲಾ ರೇಶನ್ ಅಂಗಡಿಗೆ ಸಾಗಿಸಿದ್ರು. ತಳಾ ಬಿಚ್ಚಿದ್ರೂ ಸಿಗೂದು ತೊಗರಿ ಕಡ್ಡಿ. ಅದು ಕಣದ್ದು ಅಂತಾರ, ಮುಗೀತು. ಕಣದ್ದ್ಯಾವುದು, ಗೋದಾಮಿಂದ್ಯಾವುದು ಅಂತ ನೀನೇ ಅಚ್ಚ ಹಾಕಿಸಿ ಕಲಸಿದಿ.”

“ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರ ಅದನ್ನೂ ಬರೀತಿದ್ದಿ,” ಅಂದಳು.

ಚೀಲವನ್ನು ಮುಂದಿಟ್ಟೆ. ನಮ್ಮ ಹೊಲದ್ದು ಎಂದೆ. ಆಕೆ ಒಳಗಿನಿಂದ ಮೊರ ತರಿಸಿದಳು. ನಾಲ್ಕು ಸಲ ಕೇರಿದ ಮೇಲೆ ತುದಿಗೆ ಎರಡು ಹರಳು ಬಂದವು, ಜೊತೆಗೊಂದು ಕಡ್ಡಿಯ ಚೂರು. ಆಕೆ ಅದನ್ನು ಬೆರಳುಗಳ ನಡುವೆ ಹೊರಳಿಸಿದಳು.

“ತೊಗರೀದು.”

“ಕಣದ್ದು,” ಎಂದೆ ತಟ್ಟನೆ. “ನಮ್ಮ ಕಣದ್ದೇ.”

“ಇರಬಹುದು.” ಚೂರನ್ನು ನನ್ನ ಅಂಗೈಯಲ್ಲಿಟ್ಟಳು. “ಮೊದಲ ಆಗಿದ್ರ ನೋಡಿ ಹೇಳ್ತಿದ್ದೆ. ಈಗ ಎಲ್ಲಾ ಕಡೆ ತೊಗರೀದೇ. ನಿನ್ನ ಹೊಲದ್ದೋ ಸಾವುಕಾರನ ತಳದ್ದೋ, ನಾ ಹೆಂಗ ಹೇಳಲಿ ತಮ್ಮಾ?”

ಆಕೆ ಒಂದು ಕಾಳು ಆರಿಸಿ ಬಾಯಿಯ ತನಕ ಒಯ್ದು ನಿಲ್ಲಿಸಿದಳು. ಆಗ ಗಮನಿಸಿದೆ: ಮುಂದಿನ ಹಲ್ಲುಗಳು ಇರಲಿಲ್ಲ. ಆಕೆ ಕ್ಷಣ ಯೋಚಿಸಿ, ಆ ಕಾಳನ್ನು ನನ್ನ ಕಡೆ ಚಾಚಿದಳು.

“ನೀ ಕಡಿ. ನಾ ಕೇಳ್ತೇನಿ.”

ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡೆ. ಆಕೆ ತಲೆ ವಾಲಿಸಿ ಕಿವಿಯನ್ನು ನನ್ನ ಮುಖದ ಹತ್ತಿರ ತಂದಳು. ಕಡಿದೆ. ‘ಕಟ್’ ಎಂದು ಚೆನ್ನಾಗಿಯೇ ಕೇಳಿಸಿತು. ನಾನು ಆಕೆಯ ಮುಖ ನೋಡಿದೆ.

ಭಾಗಮ್ಮ ಮೊರದಿಂದ ಮತ್ತೊಂದು ಕಾಳು ತೆಗೆದುಕೊಟ್ಟಳು.

“ಇನ್ನೊಂದ ಕಡಿ,” ಅಂದಳು.